ಮೋರಿ ದಂಡೆಯಲ್ಲಿ ಕೂತು ಕೃಷ್ಣ ಅಯ್ಯರ್ ಓದುವುದು

ವಿ.ಆರ್. ಕೃಷ್ಣ ಅಯ್ಯರ್ ಅವರ ಭಾಷಣ-ಬರಹಗಳನ್ನು ನಾವು ಹತ್ತು ಹನ್ನೆರಡು ಜನ ಸೇರಿ ಓದಿದೆವು. ಪೂರ್ತಿ ಓದಿದೆವು ಅಂದರೆ ಸುಳ್ಳಾಗುತ್ತದೆ. ಆ ಮನುಷ್ಯ ಬರೆದದ್ದು, ಮಾತಾಡಿದ್ದು ಒಂದು ಬೀರು ತುಂಬುವಷ್ಟಿದೆ. ನಮ್ಮ ಕೈಗೆ ಸಿಕ್ಕಿದ್ದು 1972ರ ಲೇಖನ ಸಂಗ್ರಹ 'ಲಾ ಅಂಡ್ ದಿ ಪೀಪಲ್', ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಮೇಲಿನ ಒಂದಷ್ಟು ಭಾಷಣ-ಲೇಖನ, ಜೊತೆಗೆ ಅವರ ಐದಾರು ತೀರ್ಪುಗಳ ಜೆರಾಕ್ಸು.

ಓದಿದ್ದು ವಿಜಯನಗರದ ಒಂದು ಮಹಡಿ ಕೋಣೆಯಲ್ಲಿ, ಭಾನುವಾರಗಳಂದು. ಮಾಗಡಿ, ಕುಣಿಗಲ್ ಕಡೆಯ ಇಬ್ಬರು ಪ್ರೈಮರಿ ಮೇಷ್ಟ್ರು, ಕೆಎಎಸ್ ಪರೀಕ್ಷೆ ಕಟ್ಟುವ ಹುಡುಗ ಹುಡುಗಿಯರು, ಕೆಂಗೇರಿ ಕಡೆಯಿಂದ ಬರುವ ಲಾ ವಿದ್ಯಾರ್ಥಿಗಳು, ಒಳಚರಂಡಿ ಕೆಲಸ ಮಾಡಿ ವಯಸ್ಸಾಗಿ ಬಿಟ್ಟ ಒಬ್ಬ ಹಿರಿಯರು. ಹಿರಿಯರನ್ನು ನಾವೆಲ್ಲ ದೊಡ್ಡಪ್ಪ ಅಂತ ಕರೆಯುತ್ತೇವೆ. ಅವರಿಗೆ ಇಂಗ್ಲಿಷ್ ಬಾರದು. ಓದಿದ್ದನ್ನೆಲ್ಲ ಅವರಿಗೆ ಕನ್ನಡದಲ್ಲಿ ಹೇಳಬೇಕಾಗಿತ್ತು. ಈ ಒಂದೇ ಕಾರಣದಿಂದ ನಮ್ಮ ಓದು ನಾವಂದುಕೊಂಡ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿತು.

ಕೃಷ್ಣ ಅಯ್ಯರ್ ಓದಲಿಕ್ಕೆ ಈ ಪಶ್ಚಿಮ ಬೆಂಗಳೂರಿಗಿಂತ ತಕ್ಕ ಜಾಗ ಇನ್ನೊಂದಿಲ್ಲವೇನೋ. ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಅಲ್ಲಿ ಅವರ 1978ರ ಬೆಂಗಳೂರು ನೀರು ಸರಬರಾಜು ಮಂಡಳಿ ತೀರ್ಪು ಒಂದು ಸಿದ್ಧಾಂತ. ನಾಲ್ಕೈದು ಕಿಲೋಮೀಟರ್ ಈಚೆ ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ, ರಾಯಚೂರು, ಕಲಬುರಗಿ, ಚಾಮರಾಜನಗರದಿಂದ ಬಂದು ಪಿ.ಜಿ. ಕೋಣೆಗಳಲ್ಲಿ ನಾಲ್ಕು ನಾಲ್ಕು ಜನ ಮಲಗುವ ನಮ್ಮ ಹುಡುಗರಿಗೆ ಅದೇ ತೀರ್ಪು ಒಂದು ಅಂಕದ ಪ್ರಶ್ನೆ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳಲ್ಲಿ ಅದು ಲೇಬರ್ ಕೋರ್ಟಿಗೆ ಹೋಗುವ ದಾರಿ. ಇನ್ನು ನಾಯಂಡಹಳ್ಳಿಯಿಂದ ಕೆಂಗೇರಿ ತನಕ ವೃಷಭಾವತಿಯ ದಂಡೆಯಲ್ಲಿ ನಿಂತರೆ, ಆ ಕೇಸಿನಲ್ಲಿ 'ಒಳಚರಂಡಿ' ಎಂಬ ಪದ ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ಮೂಗೇ ಹೇಳುತ್ತದೆ.

ಮೊದಲು ಮನುಷ್ಯನ ಬಗ್ಗೆ ಎರಡು ಮಾತು. 1915ರಲ್ಲಿ ಪಾಲ್ಘಾಟಿನ ಬಳಿ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು. ತಲಶ್ಶೇರಿಯಲ್ಲಿ ವಕೀಲಿ. 1948ರಲ್ಲಿ ಕಮ್ಯುನಿಸ್ಟರಿಗೆ ನೆರವಾದರು ಎಂಬ ಆರೋಪದ ಮೇಲೆ ಒಂದು ತಿಂಗಳು ಜೈಲು ಕಂಡರು. 1957ರಲ್ಲಿ ಇ.ಎಂ.ಎಸ್. ಸರ್ಕಾರ ಬಂದಾಗ ಕಾನೂನು, ಗೃಹ, ಜೈಲು ಮುಂತಾದ ಖಾತೆಗಳ ಮಂತ್ರಿ. ಒಂದು ಕಾಲಕ್ಕೆ ಒಳಗೆ ಕೂತ ಜೈಲುಗಳನ್ನೇ ಮುಂದೆ ನೋಡಿಕೊಳ್ಳುವ ಮಂತ್ರಿಯಾದದ್ದು ಕಮ್ಮಿ ಮಾತಲ್ಲ. 1968ರಲ್ಲಿ ಕೇರಳ ಹೈಕೋರ್ಟು, 1973ರಿಂದ 1980ರ ನವೆಂಬರ್ ತನಕ ಸುಪ್ರೀಂ ಕೋರ್ಟು. ಆಮೇಲೆ 2014ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಕರೆದಲ್ಲಿಗೆ ಹೋಗಿ ಮಾತಾಡಿದರು, ಕೇಳಿದವರಿಗೆಲ್ಲ ಬರೆದುಕೊಟ್ಟರು. ಇಂಥ ಮನುಷ್ಯನನ್ನು ಶತ್ರು ಪಾಳೆಯಕ್ಕೆ ತಳ್ಳುವ ದಡ್ಡತನ ನಮಗೆ ಬೇಡ. ನಮ್ಮವರು ಅಂತ ಹೂವಿನ ಹಾರ ಹಾಕಿ ಕೈತೊಳೆದುಕೊಳ್ಳುವ ಸೋಮಾರಿತನವೂ ಬೇಡ. ನಮ್ಮ ಚಳವಳಿಯ ವೇದಿಕೆಗಳಲ್ಲಿ ಈ ಎರಡನೆಯ ರೋಗವೇ ಹೆಚ್ಚು.

ಅವರ ಇಂಗ್ಲಿಷಿನ ವಿಷಯಕ್ಕೆ ಬರೋಣ. ಕೋರ್ಟಿನ ಭಾಷೆ ಜನಕ್ಕೆ ತಿಳಿಯುವಂತಿರಬೇಕು ಎನ್ನುವ ಗುಂಪಿನ ಮುಂದಾಳು ಇವರು. ಆದರೆ ಇವರ ಒಂದು ಪುಟ ಓದಲಿಕ್ಕೆ ಎರಡು ಡಿಕ್ಷನರಿ ಬೇಕು. ಲ್ಯಾಟಿನ್ನು, ಸಂಸ್ಕೃತ, ತಾವೇ ಹುಟ್ಟಿಸಿದ ಪದಗಳು, ಪ್ರಾಸದ ಮೇಲೆ ಪ್ರಾಸ. ಒಂದು ಭಾನುವಾರ ಒಂದೇ ಪ್ಯಾರಾ ಹಿಡಿದು ಕೂತೆವು. ಬಡವ, ದುರ್ಬಲ, ಕಟ್ಟಕಡೆಯವ, ಕಳೆದುಹೋದವ ಅಂತ ಸಾಲು ಸಾಲು ವಿಶೇಷಣ. ಕುಣಿಗಲ್ ಮೇಷ್ಟ್ರು ಕಷ್ಟಪಟ್ಟು ಕನ್ನಡ ಮಾಡಿ ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ ಕೇಳಿಕೊಂಡು, "ಸರಿ ಮೇಷ್ಟ್ರೆ, ಇವೆಲ್ಲ ನಾವೇ ಅಂತ ಗೊತ್ತಾಯ್ತು. ಏನ್ ಮಾಡ್ಬೇಕು ಅಂತ ಹೇಳವ್ರೆ?" ಅಂದರು. ಪ್ಯಾರಾ ಮತ್ತೆ ಓದಿದೆವು. ಏನು ಮಾಡಬೇಕು ಅಂತ ಅದರಲ್ಲಿ ಇರಲಿಲ್ಲ.

ಅಂದಿನಿಂದ ಇದೇ ನಮ್ಮ ಒರೆಗಲ್ಲಾಯಿತು. ಯಾವ ಪುಟವಾದರೂ ಸರಿ, ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದ ಮೇಲೆ ಏನು ಉಳಿಯುತ್ತದೆ? ಭಾಷಣಗಳಲ್ಲಿ ಬಹಳಷ್ಟು ಸಲ ಸಿಟ್ಟು ಉಳಿಯಿತು, ಒಳ್ಳೆಯ ಮನಸ್ಸು ಉಳಿಯಿತು. ಕಾನೂನು ಬ್ರಿಟಿಷರು ಹೊಲಿದ ಅಂಗಿ, ವಕೀಲನ ಫೀಸು ಬಡವನ ಬೆನ್ನಿನ ಮೂಟೆ, ಕೋರ್ಟಿನ ವಿಳಂಬ ಉಳ್ಳವನ ಆಯುಧ, ಜೈಲಿನೊಳಗಿರುವವನೂ ಮನುಷ್ಯ: ಇವು ಅವರು ಬದುಕಿನುದ್ದಕ್ಕೂ ಬಿಡದೆ ಹೇಳಿದ ಮಾತುಗಳು, ನಿಜವಾದ ಮಾತುಗಳು. ಉಚಿತ ಕಾನೂನು ನೆರವಿನ ಬಗ್ಗೆ 1973ರಲ್ಲಿ ಕೊಟ್ಟ ಸಮಿತಿ ವರದಿಯೂ ಅವರದೇ. ಇಂದು ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಂಬ ಬೋರ್ಡು ಕಂಡರೆ ಅದರ ಬೇರು ಅಲ್ಲಿದೆ. ಆದರೂ ಭಾಷಣದ ಪುಟಗಳಲ್ಲಿ ನಾವು ಬಾಯಿ ಬಿಡುವುದಿಲ್ಲ. ನಮ್ಮ ಬಗ್ಗೆ ಅವರು ಅಳುತ್ತಾರೆ, ನಮ್ಮ ಪರವಾಗಿ ಗುಡುಗುತ್ತಾರೆ. ನಮ್ಮಲ್ಲೊಬ್ಬ ಎದ್ದುನಿಂತು ಅವರಿಗೆ ಎದುರು ಮಾತಾಡಿದ ಪ್ರಸಂಗ ನಾವು ಓದಿದ ಪುಟಗಳಲ್ಲಿ ಒಂದೂ ಸಿಗಲಿಲ್ಲ.

ತೀರ್ಪುಗಳ ಕಥೆ ಬೇರೆ. ಅಲ್ಲಿ ಎದುರು ಮಾತಾಡಿದವರು ಇದ್ದೇ ಇರಬೇಕು, ಇಲ್ಲದಿದ್ದರೆ ಕೇಸೇ ಇಲ್ಲ.

ಬೆಂಗಳೂರಿನ ನೀರು ಮತ್ತು ಒಳಚರಂಡಿ ಮಂಡಳಿ ಹುಟ್ಟಿದ್ದು 1964ರಲ್ಲಿ. ಅಲ್ಲಿನ ಕೆಲವು ನೌಕರರಿಗೆ ತಪ್ಪು ಹೊರಿಸಿ ದಂಡ ಹಾಕಿ ಹಣ ಮುರಿದುಕೊಂಡರು. ನೌಕರರು ಕೈಗಾರಿಕಾ ವಿವಾದ ಕಾಯ್ದೆಯ 33-ಸಿ(2) ಕಲಮಿನಡಿ ಲೇಬರ್ ಕೋರ್ಟಿಗೆ ಹೋದರು: ನಮ್ಮ ಮಾತು ಕೇಳದೆ ದಂಡ ಹಾಕಿದ್ದಾರೆ, ಹಣ ವಾಪಸು ಕೊಡಿಸಿ. ಮಂಡಳಿ ಕೊಟ್ಟ ಉತ್ತರ ಕೇಳಿ: ನಾವು 'ಉದ್ಯಮ'ವೇ ಅಲ್ಲ, ನಾಗರಿಕರಿಗೆ ಮೂಲ ಸೌಕರ್ಯ ಒದಗಿಸುವ ಶಾಸನಬದ್ಧ ಸಂಸ್ಥೆ, ಆದ್ದರಿಂದ ಲೇಬರ್ ಕೋರ್ಟು ನಮ್ಮನ್ನು ಕೇಳುವ ಹಾಗಿಲ್ಲ. ಅಂದರೆ ಕೆಲಸಗಾರನ ಅಹವಾಲು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಹೋಗುವುದೇ ಬೇಡ, ಬಾಗಿಲಲ್ಲೇ ತಡೆದುಬಿಡಿ ಎಂಬ ವಾದ. ನಮ್ಮ ಜನಕ್ಕೆ ಬಾಗಿಲಲ್ಲಿ ತಡೆಯುವ ವಿದ್ಯೆ ಹೊಸದಲ್ಲ. ಹೋಟೆಲಿನಲ್ಲಿ, ಗುಡಿಯಲ್ಲಿ, ಬಾಡಿಗೆ ಮನೆಯ ಗೇಟಿನಲ್ಲಿ ಕಂಡದ್ದೇ. ಕಾನೂನಿನ ಭಾಷೆಯಲ್ಲಿ ಅದಕ್ಕೆ ಅಧಿಕಾರವ್ಯಾಪ್ತಿ ಎಂದು ಹೆಸರು.

ಲೇಬರ್ ಕೋರ್ಟು ಮಂಡಳಿಯ ವಾದ ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಏಳು ನ್ಯಾಯಮೂರ್ತಿಗಳು ಕೂತರು. 1978ರ ಫೆಬ್ರವರಿ 21ರಂದು ತೀರ್ಪು ಬಂತು. ಮುಖ್ಯ ಬರಹ ಕೃಷ್ಣ ಅಯ್ಯರ್ ಅವರದು, ಜೊತೆಗೆ ಭಗವತಿ ಮತ್ತು ದೇಸಾಯಿ. ಸಾರ ಇಷ್ಟೇ: ಕ್ರಮವಾಗಿ ನಡೆಯುವ ಕೆಲಸ ಇರಬೇಕು, ಅದರಲ್ಲಿ ದುಡಿಸುವವನು ದುಡಿಯುವವನು ಇಬ್ಬರೂ ಇರಬೇಕು, ಅದರಿಂದ ಜನರಿಗೆ ಬೇಕಾದ ಸರಕೋ ಸೇವೆಯೋ ಹುಟ್ಟಬೇಕು. ಈ ಮೂರಿದ್ದರೆ ಅದು ಉದ್ಯಮ. ಲಾಭ ಇದೆಯೋ ಇಲ್ಲವೋ ಮುಖ್ಯವಲ್ಲ. ಈ ಅಳತೆಗೋಲಿನಲ್ಲಿ ಆಸ್ಪತ್ರೆ ಬಂತು, ವಿಶ್ವವಿದ್ಯಾಲಯ ಬಂತು, ಕ್ಲಬ್ಬು ಬಂತು, ಸಹಕಾರ ಸಂಘ ಬಂತು. ದೊಡ್ಡ ವಕೀಲರ ಕಚೇರಿಯನ್ನೂ ಬಿಡಲಿಲ್ಲ. ಕಪ್ಪು ಕೋಟಿನವರು ಕೆಲವರು ಈಗಲೂ ಈ ತೀರ್ಪನ್ನು ಬಯ್ಯುವುದಕ್ಕೆ ಇದೂ ಒಂದು ಕಾರಣ ಇದ್ದೀತು.

ಇದನ್ನು ಕನ್ನಡದಲ್ಲಿ ಹೇಳಲಿಕ್ಕೆ ಮೇಷ್ಟ್ರಿಗೆ ಐದು ನಿಮಿಷವೂ ಬೇಕಾಗಲಿಲ್ಲ. ದೊಡ್ಡಪ್ಪ, "ಅಂದ್ರೆ ಧರ್ಮಕ್ಕೆ ಮಾಡ್ತೀವಿ ಅಂತ ಹೇಳ್ಕೊಂಡು ಕೂಲಿ ಮುರ್ಕೊಳಂಗಿಲ್ಲ" ಅಂದರು. ನಲವತ್ತು ವರ್ಷದಿಂದ ಈ ತೀರ್ಪಿನ ಮೇಲೆ ಬಂದ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಚಿಕ್ಕದು, ಇದಕ್ಕಿಂತ ನೇರವಾದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಮಠಗಳು ಇಂಜಿನಿಯರಿಂಗ್ ಕಾಲೇಜು ನಡೆಸುವ ಈ ನಾಡಿನಲ್ಲಿ ಈ ಮಾತಿನ ತೂಕ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಷ್ಟ್ರುಗಳು ಮಾತ್ರ ಬಹಳ ಖುಷಿಪಡಬೇಡಿ. ಶಾಲೆ ಉದ್ಯಮವೇ ಹೌದು, ಆದರೆ ಪಾಠ ಹೇಳುವವನು ಕಾರ್ಮಿಕನಲ್ಲ ಎಂದು 1988ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿದೆ. ಜವಾನನಿಗೆ ಬಾಗಿಲು ತೆರೆಯಿತು, ಮೇಷ್ಟ್ರು ಹೊರಗೇ ಉಳಿದರು.

ಉಳ್ಳವರು ಈ ತೀರ್ಪನ್ನು ಮರೆಯಲಿಲ್ಲ. 1982ರಲ್ಲಿ ಪಾರ್ಲಿಮೆಂಟು ಉದ್ಯಮದ ವ್ಯಾಖ್ಯೆಯನ್ನೇ ತಿದ್ದಿ ಆಸ್ಪತ್ರೆ, ಶಾಲೆಗಳನ್ನು ಹೊರಗೆ ಹಾಕಿತು. ಆ ತಿದ್ದುಪಡಿ ಮಾತ್ರ ಜಾರಿಗೆ ಬರಲೇ ಇಲ್ಲ. 2005ರಲ್ಲಿ ತೀರ್ಪನ್ನು ಮರುಪರಿಶೀಲಿಸಬೇಕೆಂದು ಕೋರ್ಟೇ ಹೇಳಿತು, 2017ರಲ್ಲಿ ವಿಷಯವನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಧರ್ಮಾರ್ಥ, ಸಮಾಜಸೇವೆ, ಪರೋಪಕಾರದ ಸಂಸ್ಥೆಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿತು. ಧರ್ಮಕ್ಕೆ ಮಾಡ್ತೀವಿ ಅನ್ನುವವರು ಮತ್ತೆ ಹಿತ್ತಲ ಬಾಗಿಲಿಂದ ಬಂದರು.

ಇನ್ನೊಂದು ಪೆಟ್ಟು ವ್ಯಾಖ್ಯೆಯನ್ನು ಮುಟ್ಟದೆ ಬಿತ್ತು. ಉದ್ಯಮ ಹೌದಪ್ಪ, ಆದರೆ ನೀನು ನಮ್ಮ ಕೆಲಸಗಾರನಲ್ಲ, ಗುತ್ತಿಗೆದಾರನ ಕೆಲಸಗಾರ! ಈ ಆಟ ಕೃಷ್ಣ ಅಯ್ಯರ್‌ಗೆ ಗೊತ್ತಿತ್ತು. ಅದೇ 1978ರಲ್ಲಿ ಕ್ಯಾಲಿಕಟ್‌ನ ಒಂದು ಕಾರ್ಖಾನೆ ಕೇಸಿನಲ್ಲಿ, ಗುತ್ತಿಗೆದಾರನ ಪರದೆ ಸರಿಸಿ ನೋಡಿ, ನಿಜವಾಗಿ ದುಡಿಸಿಕೊಳ್ಳುವವನು ಯಾರೋ ಅವನೇ ಮಾಲೀಕ ಎಂದರು. ಆದರೆ ಆಮೇಲಿನ ಕೋರ್ಟು ಆ ದಾರಿಯಲ್ಲಿ ನಡೆಯಲಿಲ್ಲ. 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಕೇಸು ಬಂತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿಗೆ ದುಡಿದವರು ಕಾಯಂ ಮಾಡಿ ಅಂತ ಕೇಳಿದ್ದರು. ಐದು ನ್ಯಾಯಮೂರ್ತಿಗಳು, ನೇಮಕಾತಿ ಕ್ರಮವಾಗಿ ಆಗಿಲ್ಲದಿದ್ದರೆ ಎಷ್ಟು ವರ್ಷ ದುಡಿದರೂ ಕಾಯಮಾತಿ ಹಕ್ಕಲ್ಲ ಎಂದರು. ಹತ್ತು ವರ್ಷ ದಾಟಿದವರಿಗೆ ಒಂದು ಸಲದ ಸಣ್ಣ ಕಿಂಡಿ ಬಿಟ್ಟರು, ಅಷ್ಟೇ. ಎರಡು ಕೇಸೂ ನಮ್ಮ ನೆಲದವು. 1978ರಲ್ಲಿ ಬೆಂಗಳೂರಿನ ಹೆಸರಿನಲ್ಲಿ ದೇಶಕ್ಕೆಲ್ಲ ಸಿಕ್ಕದ್ದನ್ನು 2006ರಲ್ಲಿ ಕರ್ನಾಟಕದ ಹೆಸರಿನಲ್ಲಿ ಅರ್ಧ ಕಿತ್ತುಕೊಂಡಂತಾಯಿತು. ಪರೀಕ್ಷೆಗೆ ಓದುವ ನಮ್ಮ ಹುಡುಗರು ಎರಡನ್ನೂ ಬೇರೆ ಬೇರೆ ನೋಟ್ಸಿನಲ್ಲಿ ಬರೆದುಕೊಂಡಿದ್ದರು. ಪಕ್ಕಪಕ್ಕ ಇಟ್ಟು ಓದಿ ಅಂತ ಯಾರೂ ಹೇಳಿರಲಿಲ್ಲ.

ಈಗ ಮೋರಿಗೆ ಬರೋಣ. ಪರಿಸರದ ಬಗ್ಗೆ ಭಾಷಣ ಮಾಡುವವರೆಲ್ಲ 1980ರ ರತ್ಲಾಂ ತೀರ್ಪನ್ನು ಹೊಗಳುತ್ತಾರೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದಲ್ಲಿ ಒಂದು ವಾರ್ಡಿನ ಜನ ತೆರೆದ ಮೋರಿ, ಕಾರ್ಖಾನೆಯ ಕೊಳಕು, ಕಕ್ಕಸಿಲ್ಲದ ಕೊಳಚೆಗೇರಿಯ ನಾತ ತಡೆಯಲಾರದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಪುರಸಭೆ ದುಡ್ಡಿಲ್ಲ ಅಂದಿತು. ಕೃಷ್ಣ ಅಯ್ಯರ್ ಮತ್ತು ಚಿನ್ನಪ್ಪ ರೆಡ್ಡಿ ಇದ್ದ ಪೀಠ, ದುಡ್ಡಿಲ್ಲ ಅನ್ನೋದು ನೆಪವಾಗದು, ಮಾಡಲೇಬೇಕು ಎಂದಿತು. ವೃಷಭಾವತಿಯ ದಂಡೆಯವರು ಈ ತೀರ್ಪನ್ನು ಕಣ್ಣಿಗೊತ್ತಿಕೊಳ್ಳಬೇಕು, ಸಂಶಯವಿಲ್ಲ.

ಮೇಷ್ಟ್ರು ಆದೇಶದ ಭಾಗ ಕನ್ನಡ ಮಾಡುತ್ತಿದ್ದರು. ಚರಂಡಿ ಕಟ್ಟಬೇಕು. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಸಾರ್ವಜನಿಕ ಕಕ್ಕಸು ಕಟ್ಟಬೇಕು. ನೀರು ಕೊಡಬೇಕು. ಬೆಳಿಗ್ಗೆ ಸಂಜೆ ಜಾಡಮಾಲಿ ಸೇವೆ ಒದಗಿಸಬೇಕು. ಇಲ್ಲಿ ಮೇಷ್ಟ್ರ ಗಂಟಲು ನಿಂತಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಒಂದು ವಾರ್ಡಿನ ಜನರ ಘನತೆ ಎತ್ತಿ ಹಿಡಿದ ಅದೇ ಆದೇಶದಲ್ಲಿ, ಆ ಘನತೆಯನ್ನು ದಿನಕ್ಕೆರಡು ಸಲ ಯಾರು ಕೈಯಾರೆ ಬಾಚಿ ಹೊರಬೇಕು ಎಂಬ ಪ್ರಶ್ನೆಯೇ ಇಲ್ಲ. ಅದು ನಲ್ಲಿ ನೀರಿನ ಹಾಗೆ, ದೀಪದ ಕಂಬದ ಹಾಗೆ, ಪುರಸಭೆ ಒದಗಿಸುವ ಒಂದು ಸೌಕರ್ಯ. ಜಾಡಮಾಲಿ ಅಂದರೆ ಯಾವ ಕೇರಿಯಿಂದ ಬರುವವರು ಅಂತ ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು.

ನಾವು ಇದನ್ನು ದುರುದ್ದೇಶ ಅನ್ನುವುದಿಲ್ಲ. ಕಾಣದೇ ಹೋದದ್ದು ಅನ್ನುತ್ತೇವೆ. ಆದರೆ ಕಾಲ ನೆನಪಿಡಿ. ಆ ತೀರ್ಪಿಗೆ ಏಳೆಂಟು ವರ್ಷ ಮುಂಚೆಯೇ ನಮ್ಮ ಕರ್ನಾಟಕದಲ್ಲಿ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಎಂದು ಹುಕು೦ ಮಾಡಿದ್ದರು. 1973ರಲ್ಲಿ ಬೂಸಾ ಎಂಬ ಒಂದು ಮಾತಿಗೆ ಅವರ ಮೇಲೆ ಮುಗಿಬಿದ್ದ ಪೇಟೆಗಳು ಈ ಹುಕುಂ ಅನ್ನು ಎಷ್ಟು ನೆನಪಿಟ್ಟಿವೆಯೋ. ದಿಲ್ಲಿಯ ದೊಡ್ಡ ಕೋರ್ಟಿಗೆ ಕಾಣದ್ದು ಇಲ್ಲಿನ ಒಬ್ಬ ದಲಿತ ಮಂತ್ರಿಗೆ ಕಂಡಿತ್ತು. ದೇಶಕ್ಕೆಲ್ಲ ಕಾನೂನು ಬರಲು 1993 ಆಗಬೇಕಾಯಿತು, ಸರಿಯಾದ ಕಾನೂನಿಗೆ 2013. ಮ್ಯಾನ್‌ಹೋಲಿನಲ್ಲಿ ಸತ್ತವನ ಮನೆಗೆ ಹತ್ತು ಲಕ್ಷ ಎಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸಾವಿನ ರೇಟು ಏರಿತು. ಇಳಿಯುವುದು ನಿಲ್ಲಲಿಲ್ಲ.

ಇದಕ್ಕೆ ಒಂದು ತಾರೀಖು ಸೇರಿಸುತ್ತೇವೆ. ಕೃಷ್ಣ ಅಯ್ಯರ್ ನಿವೃತ್ತರಾದದ್ದು 1980ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಮೊದಲ ದಲಿತ ನ್ಯಾಯಮೂರ್ತಿ ಎ. ವರದರಾಜನ್ ಬಂದದ್ದು ಮರು ತಿಂಗಳು, ಡಿಸೆಂಬರಿನಲ್ಲಿ. ಅಂದರೆ ಇವರು ಅಲ್ಲಿದ್ದ ಏಳು ವರ್ಷದಲ್ಲಿ ಪಕ್ಕದ ಕುರ್ಚಿಯಲ್ಲಿ ನಮ್ಮವನೊಬ್ಬ ಕೂತು, "ಸ್ವಾಮಿ, ಈ ಜಾಡಮಾಲಿ ಸೇವೆ ಅಂದರೇನು?" ಎಂದು ಕೇಳುವ ಸಂದರ್ಭವೇ ಇರಲಿಲ್ಲ.

ಇನ್ನು ಕೆನೆಯ ಮಾತು. ಇದರಲ್ಲೇ ನಮ್ಮ ನಾಲ್ಕು ಭಾನುವಾರ ಹೋದವು, ಜಗಳವೂ ಆಯಿತು.

ಕೇರಳದಲ್ಲಿ ಗುಮಾಸ್ತರು ಬಡ್ತಿ ಪಡೆಯಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಬೇಕು. ಪರಿಶಿಷ್ಟರಿಗೆ ಪಾಸಾಗಲು ಸರ್ಕಾರ ಹೆಚ್ಚು ಕಾಲಾವಕಾಶ ಕೊಟ್ಟಿತು. 1972ರಲ್ಲಿ ಹೀಗೆ 51 ಬಡ್ತಿಗಳಲ್ಲಿ 34 ಪರಿಶಿಷ್ಟರಿಗೆ ಹೋದವು. ಎನ್.ಎಂ. ಥಾಮಸ್ ಎಂಬ ಗುಮಾಸ್ತರು ಕೋರ್ಟಿಗೆ ಹೋದರು. 1975ರ ಸೆಪ್ಟೆಂಬರಿನಲ್ಲಿ ಏಳರಲ್ಲಿ ಐದು ನ್ಯಾಯಮೂರ್ತಿಗಳು ಸರ್ಕಾರದ ಕ್ರಮ ಸರಿ ಎಂದರು. ಅಲ್ಲಿಯವರೆಗೆ ಮೀಸಲಾತಿ ಎಂದರೆ ಸಮಾನತೆಗೆ ಒಂದು ಅಪವಾದ, ಒಲ್ಲದ ಮನಸ್ಸಿನಿಂದ ಕೊಟ್ಟ ವಿನಾಯಿತಿ. ಥಾಮಸ್ ತೀರ್ಪಿನ ನಂತರ ಅದೇ ಸಮಾನತೆಯ ಒಂದು ಮುಖ. ಕೃಷ್ಣ ಅಯ್ಯರ್ ಬೇರೆಯಾಗಿ ಬರೆದು ಇದನ್ನು ಗಟ್ಟಿ ದನಿಯಲ್ಲಿ ಹೇಳಿದರು. ನಮ್ಮ ಬಡ್ತಿ ಮೀಸಲಾತಿ ಕಾಯ್ದೆಯನ್ನು 2019ರಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಉಳಿಸಿಕೊಂಡಾಗಲೂ ಕಾಲಿಟ್ಟ ನೆಲ ಇದೇ. ಇಲ್ಲಿ ಒಂದು ಅಡ್ಡ ಮಾತು: ತುರ್ತುಪರಿಸ್ಥಿತಿಯಲ್ಲಿ ನಾಗರಿಕ ಸ್ವಾತಂತ್ರ್ಯಕ್ಕಾಗಿ ಒಬ್ಬಂಟಿಯಾಗಿ ನಿಂತ ನ್ಯಾ. ಎಚ್.ಆರ್. ಖನ್ನಾ ಥಾಮಸ್ ಪ್ರಕರಣದಲ್ಲಿ ನಮಗೆ ವಿರುದ್ಧವಾಗಿ ಬರೆದವರು. ಸ್ವಾತಂತ್ರ್ಯದ ವೀರ ಸಮಾನತೆಯ ವೀರನೂ ಆಗಿರಬೇಕಿಲ್ಲ.

ಅದೇ ಬರಹದಲ್ಲಿ ಕೃಷ್ಣ ಅಯ್ಯರ್ ಮೀಸಲಾತಿಯ ಅಪಾಯ ಮೂರು ಎಂದು ಎಣಿಸಿದರು. ಮೊದಲನೆಯದು, ಹಿಂದುಳಿದವರೊಳಗೆ ಮೇಲಿರುವ ಕೆನೆಯಂಥ ಪದರ ಲಾಭವನ್ನೆಲ್ಲ ಕಿತ್ತುಕೊಂಡು ದುರ್ಬಲರಲ್ಲಿ ದುರ್ಬಲರು ಹಾಗೇ ಉಳಿಯುತ್ತಾರೆ ಎಂಬುದು. ಎರಡನೆಯದು, ಸಂಖ್ಯೆ ಮತ್ತು ಗಂಟಲು ಎರಡೂ ಇರುವ, ಹಿಂದುಳಿದಿರುವಿಕೆ ಬಹಳಮಟ್ಟಿಗೆ ನೀಗಿಕೊಂಡ ಗುಂಪುಗಳು ಹಣೆಪಟ್ಟಿ ಬಿಡದೆ ಬೇಡಿಕೆ ಹೆಚ್ಚಿಸುತ್ತಾ ಹೋಗುತ್ತವೆ ಎಂಬುದು. ಮೂರನೆಯದರಲ್ಲಿ, ಶಾಶ್ವತ ಪರಿಹಾರ ಬೇಕಾದರೆ ಶಿಕ್ಷಣ, ಸಾಮಾಜಿಕ ಪರಿಸರ ಸುಧಾರಿಸಬೇಕು, ಜಾತಿ ಮೀರಿದ ಮದುವೆಗಳನ್ನು ಸರ್ಕಾರವೇ ಕಾರ್ಯಕ್ರಮ ಮಾಡಿ ನಡೆಸಬೇಕು ಎಂದರು.

ಈಗ ನೋಡಿ ಇತಿಹಾಸದ ಕುಚೋದ್ಯ. ಮೊದಲನೆಯ ಮಾತು 1992ರ ಮಂಡಲ್ ತೀರ್ಪಿನಲ್ಲಿ ಹಿಂದುಳಿದ ವರ್ಗಗಳಿಗೆ ಕಾನೂನಾಯಿತು. 2018ರಲ್ಲಿ ಬಡ್ತಿಯ ವಿಷಯದಲ್ಲಿ ಪರಿಶಿಷ್ಟರ ಮನೆ ಬಾಗಿಲಿಗೂ ಬಂತು. 2024ರ ಆಗಸ್ಟ್ 1ರಂದು ದೇವಿಂದರ್ ಸಿಂಗ್ ಪ್ರಕರಣದಲ್ಲಿ ಏಳರಲ್ಲಿ ನಾಲ್ಕು ನ್ಯಾಯಮೂರ್ತಿಗಳು ಪರಿಶಿಷ್ಟರಲ್ಲೂ ಕೆನೆ ತೆಗೆಯಬೇಕೆಂದರು. ಮೂರನೆಯ ಮಾತನ್ನು, ಜಾತಿ ಮೀರಿದ ಮದುವೆಯ ಮಾತನ್ನು, ಹೀಗೆ ಕಾನೂನು ಮಾಡಲು ಓಡಿ ಬಂದವರು ಯಾರೂ ಇಲ್ಲ. ಒಂದೇ ಬರಹ, ಒಂದೇ ಪುಟ. ಬೇಕಾದ್ದನ್ನು ಕೆನೆ ತೆಗೆದ ಹಾಗೆ ತೆಗೆದುಕೊಂಡರು.

ಕೆನೆ ಅಂದಾಗ ಕೋಣೆಯಲ್ಲಿ ಒಬ್ಬ ಹುಡುಗಿ ಸಿಟ್ಟಾದಳು. ಅವಳ ಅಪ್ಪ ಸರ್ಕಾರಿ ಶಾಲೆ ಮೇಷ್ಟ್ರು, ಅವರ ವಂಶದಲ್ಲಿ ಸಂಬಳ ಕಂಡ ಮೊದಲ ಮನುಷ್ಯ. ಈ ಸುತ್ತಿನಲ್ಲಿ ಕೋಣೆ ಹುಡುಕುವಾಗ ಮೂರು ಕಡೆ ಜಾತಿ ಕೇಳಿ ಬಾಗಿಲು ಹಾಕಿಸಿಕೊಂಡು ಬಂದವಳು. "ಮನೆ ಕೊಡೋರಿಗೆ ನಾನು ಕೆನೆ ಅಂತ ಗೊತ್ತೇ ಆಗ್ಲಿಲ್ಲವಲ್ಲ ಸಾರ್" ಅಂದಳು. ಹಾಲೇ ಕಾಣದ ಒಲೆಯ ಮೇಲೆ ಮೊನ್ನೆ ಮೊನ್ನೆ ಅರ್ಧ ಲೋಟ ಕಾದಿದೆ. ಅಷ್ಟರಲ್ಲೇ ಜಾಲರಿ ಸೌಟು ಹಿಡಿದು ಬಂದರೆ ಹೇಗೆ ಎಂಬುದು ಅವಳ ಪ್ರಶ್ನೆ.

ಅವಳಿಗೆ ಎದುರು ಮಾತಾಡಿದವನು ಅಲೆಮಾರಿ ಸಮುದಾಯದ ಹುಡುಗ. ಅವರ ಕುಲದಲ್ಲಿ ಪಿಯುಸಿ ದಾಟಿದವರನ್ನು ಬೆರಳಲ್ಲಿ ಎಣಿಸಬಹುದು. ಅವನು, "ಅಕ್ಕ, ನಿಮ್ಮ ಅರ್ಧ ಲೋಟ ನಮಗೆ ಕಾಣೋದು ಕೊಡದ ಹಾಗೆ" ಅಂದ. ಇದಕ್ಕೆ ಉತ್ತರ ಕೊಡದೆ ಕೃಷ್ಣ ಅಯ್ಯರ್ ಅವರನ್ನು ಬಯ್ದರೆ ನಾವು ಕಳ್ಳರಾಗುತ್ತೇವೆ. ದುರ್ಬಲರಲ್ಲಿ ದುರ್ಬಲರು ಹಾಗೇ ಉಳಿಯುತ್ತಾರೆ ಎಂಬ ಅವರ ಕಳವಳ ಸುಳ್ಳಲ್ಲ. ಎಡಗೈ ಬಲಗೈ ಎಂದು ನಮ್ಮೊಳಗೆ ಹೊಗೆಯಾಡಿದ್ದು, ಸದಾಶಿವ ಆಯೋಗ 2005ರಲ್ಲಿ ಕೂತು 2012ರಲ್ಲಿ ಕೊಟ್ಟ ವರದಿ ವರ್ಷಗಟ್ಟಲೆ ಕಪಾಟಿನಲ್ಲಿ ಕೊಳೆತದ್ದು, ಇವೆಲ್ಲ ನಮ್ಮ ಮನೆಯ ವಿಷಯ. ನಮ್ಮ ಸಂಘಟನೆಗಳೇ ಎಷ್ಟು ವರ್ಷ ಈ ಮಾತು ಬಂದಾಗ ಒಗ್ಗಟ್ಟು ಒಗ್ಗಟ್ಟು ಅಂತ ಬಾಯಿ ಮುಚ್ಚಿಸಿಲ್ಲ?

ನಮ್ಮ ತಕರಾರು ಇರುವುದು ಬೇರೆ ಕಡೆ. ಕೃಷ್ಣ ಅಯ್ಯರ್ ಅವರ ಆ ಒಂದು ಉಪಮೆ ಎರಡು ಬೇರೆ ಸಂಗತಿಗಳನ್ನು ಒಂದೇ ಪಾತ್ರೆಗೆ ಸುರಿಯಿತು. ಮಾದಿಗರಿಗೆ ಇಷ್ಟು, ಹೊಲೆಯರಿಗೆ ಇಷ್ಟು, ಅಲೆಮಾರಿಗಳಿಗೆ ಇಷ್ಟು ಎಂದು ಪಾಲು ಮಾಡುವುದು ಜಾತಿಯ ಲೆಕ್ಕ. ಆ ಪಾಲು ದಲಿತರ ಮನೆಯಲ್ಲೇ ಉಳಿಯುತ್ತದೆ. ಕೆನೆ ತೆಗೆಯುವುದು ಕುಟುಂಬದ ಲೆಕ್ಕ. ಅಪ್ಪ ಮೇಷ್ಟ್ರಾದರೆ ಮಗಳು ಹೊರಗೆ. ಅವಳ ಜಾಗಕ್ಕೆ ಅದೇ ಕೇರಿಯ ಇನ್ನೊಬ್ಬ ಬಂದು ತುಂಬದಿದ್ದರೆ ಆ ಹುದ್ದೆ ಎಲ್ಲಿಗೆ ಹೋಗುತ್ತದೆ? ಖಾಲಿ ಬೀಳುತ್ತದೆ, ಆಮೇಲೆ ಯಾರ ಬಾಯಿಗೆ ಬೀಳುತ್ತದೋ ಹೇಳಬೇಕಿಲ್ಲ. ಹಾಲು ಕೆನೆಯ ಮಾತಿನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕಿವಿಗೆ ಇಂಪಾದ ಪದ ಸಿಕ್ಕಿತು, ಬರೆದರು. ಅವರ ಭಾಷಣದ ಚಟ ತೀರ್ಪಿನೊಳಕ್ಕೆ ನುಗ್ಗಿದ ಜಾಗ ಇದು. ಭಾಷಣದಲ್ಲಿ ವಿಶೇಷಣ ಹಾರಿಹೋಗುತ್ತದೆ, ತೀರ್ಪಿನಲ್ಲಿ ಮೊಳೆಯಾಗಿ ಕೂರುತ್ತದೆ.

ಇನ್ನೂ ಒಂದು ತಿರುವಿದೆ. ಪರಿಶಿಷ್ಟ ಜಾತಿ ಎನ್ನುವುದು ಒಂದು ಜಾತಿಯಲ್ಲ, ಹಲವು ಜಾತಿ ಕುಲಗಳ ಕೂಟ, ಒಂದು ವರ್ಗ ಎಂದು ಕೃಷ್ಣ ಅಯ್ಯರ್ ಹೇಳಿದ್ದರು. ಮೀಸಲಾತಿ ಉಳಿಸಲಿಕ್ಕೆ ಆಡಿದ ಮಾತು. 2004ರಲ್ಲಿ ಚಿನ್ನಯ್ಯ ಪ್ರಕರಣದಲ್ಲಿ ಇದೇ ಬಗೆಯ ಮಾತನ್ನು ಆಧಾರ ಮಾಡಿಕೊಂಡು, ಒಂದೇ ವರ್ಗವಾದ್ದರಿಂದ ಒಡೆಯುವಂತಿಲ್ಲ ಎಂದು ಆಂಧ್ರದ ಒಳಮೀಸಲಾತಿಯನ್ನು ಹೊಡೆದುಹಾಕಿದರು. ಇಪ್ಪತ್ತು ವರ್ಷ ಮಾದಿಗರು ಬೀದಿಯಲ್ಲಿ ತಮಟೆ ಬಡಿದ ಮೇಲೆ 2024ರಲ್ಲಿ ಅದು ತಪ್ಪೆಂದಾಯಿತು. ಹಾಗೆ ಅಂದ ಪೀಠದಲ್ಲಿ ಕೆನೆಯ ಪರವಾಗಿ ಬಲವಾಗಿ ಬರೆದವರು ನ್ಯಾ. ಬಿ.ಆರ್. ಗವಾಯಿ. ದಲಿತರು, 2025ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಆದವರು. ಹಾಗಾಗಿ ಪಕ್ಕದ ಕುರ್ಚಿಯ ಬಗ್ಗೆ ನಾವು ಮೇಲೆ ಆಡಿದ ಮಾತನ್ನು ಅತಿಯಾಗಿ ನಂಬಬೇಡಿ. ಕುರ್ಚಿ ಬೇಕು. ಕುರ್ಚಿ ಸಿಕ್ಕ ಮಾತ್ರಕ್ಕೆ ಕೇರಿಯ ಮಾತೇ ಬರುತ್ತದೆ ಅಂತಿಲ್ಲ.

ಕರ್ನಾಟಕದಲ್ಲಿ ನ್ಯಾ. ನಾಗಮೋಹನ ದಾಸ್ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಅಲೆಮಾರಿಗಳಿಗೆ ಪ್ರತ್ಯೇಕ ಶೇ. 1 ಇತ್ತು. ಹದಿನೈದು ದಿನದಲ್ಲಿ ಮಂತ್ರಿಮಂಡಲ 17ನ್ನು 6, 6, 5 ಎಂದು ಹಂಚಿ ಅಲೆಮಾರಿಗಳನ್ನು ಕೊನೆಯ ಗುಂಪಿಗೆ, ದೊಡ್ಡ ಸಮುದಾಯಗಳ ಜೊತೆ ಸೇರಿಸಿಬಿಟ್ಟಿತು. ನಮ್ಮ ಹುಡುಗ ಆ ವಾರ ಓದಿಗೆ ಬರಲಿಲ್ಲ, ಧರಣಿಗೆ ಹೋಗಿದ್ದ. ದುರ್ಬಲರಲ್ಲಿ ದುರ್ಬಲರು ಅಂತ ಕೃಷ್ಣ ಅಯ್ಯರ್ ಬರೆದು ಐವತ್ತು ವರ್ಷ.

ಉಳಿದದ್ದನ್ನು ಬೇಗ ಹೇಳುತ್ತೇವೆ. 1975ರ ಜೂನ್ 24ರಂದು ಇಂದಿರಾ ಗಾಂಧಿಗೆ ಕೊಟ್ಟ ಷರತ್ತಿನ ತಡೆಯಾಜ್ಞೆ ಬಗ್ಗೆ ಪುಟಗಟ್ಟಲೆ ಚರ್ಚೆ ಇದೆ. ಮರುದಿನ ರಾತ್ರಿ ತುರ್ತುಪರಿಸ್ಥಿತಿ ಬಂದದ್ದಕ್ಕೆ ಆ ಆಜ್ಞೆಯನ್ನು ಹೊಣೆ ಮಾಡುವುದು ನಮಗೆ ಸರಿ ಕಾಣಲಿಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಯಲ್ಲಿ ಹೆಣ್ಣಿಗೊಂದು ಗಂಡಿಗೊಂದು ನಿಯಮ ಯಾಕೆ ಎಂದು ಕೇಳಿದಾಗ 1979ರಲ್ಲಿ ಕೊಟ್ಟ ತೀರ್ಪು ಚಿಕ್ಕದು, ಚೊಕ್ಕದು. ಕೋಣೆಯ ಹುಡುಗಿಯರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರದ ಜಾಮೀನು ಕೇಳಿ, ಬೇರೆ ಜಿಲ್ಲೆಯ ಜಾಮೀನುದಾರ ಆಗದು ಎಂದ ಮ್ಯಾಜಿಸ್ಟ್ರೇಟನ್ನು 1978ರಲ್ಲಿ ತರಾಟೆಗೆ ತೆಗೆದುಕೊಂಡ ಮೋತಿರಾಂ ತೀರ್ಪನ್ನು ಪ್ರತಿ ಹಳ್ಳಿಯ ಮೇಷ್ಟ್ರೂ ಓದಿಟ್ಟುಕೊಳ್ಳಬೇಕು, ಸ್ಟೇಷನ್ನಿಗೆ ಯಾರನ್ನಾದರೂ ಎಳೆದುಕೊಂಡು ಹೋದ ದಿನ ಬೇಕಾಗುತ್ತದೆ. ಅರಸು ಕಾಲದ 1976ರ ಬಸ್ ರಾಷ್ಟ್ರೀಕರಣ ಕಾಯ್ದೆಯ ಕೇಸಿನಲ್ಲಿ, ಖಾಸಗಿ ಸ್ವತ್ತೂ ಸಮುದಾಯದ ಸಂಪತ್ತೇ ಎಂದು ಅವರು ಬರೆದದ್ದನ್ನು 2024ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತಳ್ಳಿಹಾಕಿತು. ಆ ಪೀಠದಲ್ಲಿ ಕೃಷ್ಣ ಅಯ್ಯರ್ ಅವರನ್ನು ಹಗುರವಾಗಿ ಕಂಡ ಮಾತಿಗೆ ಆಕ್ಷೇಪ ಎತ್ತಿದವರಲ್ಲಿ ನಮ್ಮ ನಾಡಿನ ನ್ಯಾ. ನಾಗರತ್ನ ಒಬ್ಬರು. ಅದು ಮರ್ಯಾದೆಯ ಮಾತು. ಆದರೆ ತಳ್ಳಿಹಾಕಿದ್ದು ಭೂಮಿ ಇಲ್ಲದವನ ಪಾಲಿಗೆ ಎಷ್ಟು ದುಬಾರಿ ಎಂಬುದನ್ನು ಇನ್ನೊಮ್ಮೆ ಬರೆಯಬೇಕು. ಇಲ್ಲಿ ಜಾಗವಿಲ್ಲ.

ಕೊನೆಯ ಭಾನುವಾರ ದೊಡ್ಡಪ್ಪ ನೀರು ಮಂಡಳಿ ತೀರ್ಪಿನ ಮೊದಲ ಪುಟ ಕೈಗೆ ತೆಗೆದುಕೊಂಡು, ಎ. ರಾಜಪ್ಪ ಮತ್ತಿತರರು ಎಂಬ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಇವ್ರಿಗೆ ಮುರ್ಕೊಂಡಿದ್ ದುಡ್ಡು ವಾಪಸ್ ಬಂತಾ?" ಲಾ ವಿದ್ಯಾರ್ಥಿಗಳು ಪುಟ ತಿರುಗಿಸಿದರು. ತೀರ್ಪಿನಲ್ಲಿ ಅದಿಲ್ಲ. ಉದ್ಯಮ ಅಂದರೇನು ಎಂದು ತೀರ್ಮಾನಿಸುವುದಕ್ಕೇ ಅಷ್ಟು ಪುಟ ಹಿಡಿದಿದೆ. ಹೌದೇನು ಅಂದು ದೊಡ್ಡಪ್ಪ ಹಾಳೆ ಮಡಿಸಿ ಕೊಟ್ಟರು. ಮುಂದಿನ ವಾರದಿಂದ ಉಮಾದೇವಿ ತೀರ್ಪು ಹಿಡಿಯುತ್ತೇವೆ. ಕನ್ನಡ ಮಾಡುವ ಕೆಲಸ ಮತ್ತೆ ಕುಣಿಗಲ್ ಮೇಷ್ಟ್ರ ತಲೆಗೇ ಬಿದ್ದಿದೆ.